ಮನಸ್ಸು ಮಾಡಿದರೆ ನಂಬಿಕೆ ಬರುತ್ತದೆಯೇ?

ಪ್ರಶ್ನೆ: ನಮ್ಮ ಮಾವಿನ ತೋಟದಲ್ಲಿ ಕೊರೆಸಿದ ಎರಡು ಬೋರ್‌ವೆಲ್‌ಗಳೂ ಫೇಲಾದವು. ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ನೀರಿನ ಪಾಯಿಂಟ್ ತೋರಿಸುವವರಲ್ಲಿ ನಮ್ಮ ತಂದೆಯವರಿಗೆ ಪೂರ್ಣ ನಂಬಿಕೆ, ನನಗಿಲ್ಲ. ‘ನೀನು ನಂಬದೆ ಇದ್ದದ್ದಕ್ಕೇ ನೀರು ಬೀಳಲಿಲ್ಲ, ಮೂರನೆಯದಕ್ಕಾದರೂ ಮನಸ್ಸು ಮಾಡಿ ನಂಬು’ ಎನ್ನುತ್ತಾರೆ. ಅವರ ಸಮಾಧಾನಕ್ಕೆಂದು ಪ್ರಯತ್ನಿಸಿದೆ, ಆಗಲಿಲ್ಲ. ನಂಬಿಕೆಯನ್ನು ನಾವೇ ಇಚ್ಛಿಸಿ ಬದಲಾಯಿಸಿಕೊಳ್ಳಲು ಸಾಧ್ಯವೇ?
– ಓದುಗರೊಬ್ಬರು, ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ

ಉತ್ತರ: ಪ್ರಯತ್ನಿಸಿಯೂ ಆಗಲಿಲ್ಲ ಎಂದಿದ್ದೀರಿ, ಉತ್ತರದ ಅರ್ಧ ಅಲ್ಲೇ ಇದೆ. ತಂದೆಯವರ ಮಾತಿಗೆ ಒಪ್ಪಿ ಪಾಯಿಂಟ್ ಮಾಡಿಸುವುದು, ಪೂಜೆಗೆ ನಿಲ್ಲುವುದು, ಬೋರ್‌ವೆಲ್ ಲಾರಿಗೆ ಮುಂಗಡ ಕೊಡುವುದು ನಿಮ್ಮ ಕೈಯಲ್ಲಿದೆ. ಅಲ್ಲಿ ನೀರಿದೆಯೆಂದು ಒಳಗಿನಿಂದ ಅನ್ನಿಸುವುದು ನಿಮ್ಮ ಕೈಯಲ್ಲಿಲ್ಲ. ಬತ್ತಿದ ಕೆರೆಯ ಏರಿಯ ಮೇಲೆ ನಿಲ್ಲಿಸಿ, ಅದು ತುಂಬಿದೆಯೆಂದು ನಂಬಿದರೆ ಲಕ್ಷ ರೂಪಾಯಿ ಕೊಡುತ್ತೇವೆಂದರೂ, ನಂಬಿದಂತೆ ನಟಿಸಬಹುದೇ ಹೊರತು ನಂಬಲಾಗದು.

ಸುತ್ತುದಾರಿಯೊಂದುಂಟು. ದೇವರನ್ನು ನಂಬುವುದೇ ಲಾಭವೆಂದು ಲೆಕ್ಕ ಹಾಕಿ ತೋರಿಸಿದ ಫ್ರಾನ್ಸಿನ ಗಣಿತಜ್ಞ, ಚಿಂತಕ ಬ್ಲೇಸ್ ಪಾಸ್ಕಲ್ (1623–1662), ಆದರೂ ನಂಬಲಾಗುತ್ತಿಲ್ಲ ಎನ್ನುವವನಿಗೆ, ನಂಬುವವರಂತೆ ನಡೆದುಕೊ, ಚರ್ಚಿನ ತೀರ್ಥ ತೆಗೆದುಕೊ, ಪೂಜೆ ಮಾಡಿಸು, ನಂಬಿಕೆ ತಾನಾಗಿ ಬರುತ್ತದೆ ಎಂಬರ್ಥದ ಸಲಹೆ ಕೊಟ್ಟ. ಈ ದಾರಿ ಕೆಲಸ ಮಾಡುತ್ತದೆ. ಯಾವ ನಂಬಿಕೆಗಾದರೂ ಮಾಡುತ್ತದೆ ಎಂಬುದೇ ನನಗಿರುವ ಅಳುಕು.

ಇಂಗ್ಲೆಂಡಿನ ಗಣಿತಜ್ಞ ಡಬ್ಲ್ಯು.ಕೆ. ಕ್ಲಿಫರ್ಡ್ 1877ರ ಪ್ರಬಂಧದಲ್ಲಿ ಹಡಗಿನ ಮಾಲೀಕನೊಬ್ಬನನ್ನು ಕಲ್ಪಿಸುತ್ತಾನೆ. ಹಡಗು ಹಳೆಯದು, ದುರಸ್ತಿ ಬೇಕೇನೋ ಎಂಬ ಅನುಮಾನ ಅವನಿಗಿತ್ತು. ಇಷ್ಟು ಸಲ ಹೋಗಿ ಬಂದದ್ದು ಈ ಸಲವೂ ಬರುತ್ತದೆ ಎಂದುಕೊಳ್ಳುತ್ತ ಅನುಮಾನವನ್ನು ಅದುಮಿ, ಪ್ರಾಮಾಣಿಕವಾಗಿಯೇ ನಂಬಿ, ಜನರನ್ನು ಹತ್ತಿಸಿ ಕಳುಹಿಸಿದ. ಹಡಗು ಮುಳುಗಿತು, ಅವನು ವಿಮೆಯ ಹಣ ಪಡೆದ. ಹಡಗು ದಡ ಸೇರಿದ್ದರೂ ಅವನು ಅಪರಾಧಿಯೇ ಎನ್ನುತ್ತಾನೆ ಕ್ಲಿಫರ್ಡ್, ಏಕೆಂದರೆ ಪರೀಕ್ಷಿಸುವುದು ಅವನ ಕೈಯಲ್ಲಿತ್ತು.

ನಾವು ಆರಿಸಿಕೊಳ್ಳಬಲ್ಲದ್ದು ಅದನ್ನೇ: ಏನನ್ನು ನೋಡಬೇಕು, ಏನನ್ನು ಎಣಿಸಬೇಕು ಎಂಬುದನ್ನು. ನಿಮ್ಮ ಸೀಮೆಯ ಗಟ್ಟಿ ಬಂಡೆಯಲ್ಲಿ ಆಳದ ನೀರು ಇರುವುದು ಬಿರುಕುಗಳಲ್ಲಿ. ಯಾರು ಪಾಯಿಂಟ್ ತೋರಿಸಿದರೂ ಕೆಲವು ಕೊರೆತಗಳು ಬಿರುಕಿಗೆ ತಾಗುತ್ತವೆ, ಕೆಲವು ತಾಗುವುದಿಲ್ಲ. ನೀರು ಬಿದ್ದದ್ದನ್ನು ಊರು ಹತ್ತು ವರ್ಷ ಹೇಳಿಕೊಳ್ಳುತ್ತದೆ. ಬೀಳದ್ದಕ್ಕೆ ಗಳಿಗೆ ಸರಿಯಿರಲಿಲ್ಲ ಎಂದೋ, ಮಗ ನಂಬಲಿಲ್ಲ ಎಂದೋ ಕಾರಣ ಸಿಗುತ್ತದೆ. ತಂದೆಯವರು ಈ ನಂಬಿಕೆಯನ್ನು ಆರಿಸಿಕೊಂಡವರಲ್ಲ, ಕೇಳಿದ ಕಥೆಗಳ ನಡುವೆ ಅದು ಬೆಳೆದಿದೆ. ಆದ್ದರಿಂದ ‘ನಂಬಬೇಡಿ’ ಎಂದು ನೀವು ಹೇಳುವುದೂ ‘ನಂಬು’ ಎಂದು ಅವರು ಹೇಳುವಷ್ಟೇ ನಿಷ್ಫಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳ ಪರಿಶೀಲನೆಗೆ ಸಮಿತಿಯನ್ನೇ ರಚಿಸಿದ್ದರು. ನಿಮ್ಮ ಮನೆಗೆ ಅಷ್ಟೆಲ್ಲ ಬೇಡ, ಒಂದು ನೋಟ್ ಪುಸ್ತಕ ಸಾಕು.

ಇನ್ನು ಮುಂದೆ ಊರಿನಲ್ಲಿ ಕೊರೆಯುವ ಪ್ರತಿಯೊಂದು ಬೋರ್‌ವೆಲ್ಲಿಗೂ ಪಾಯಿಂಟ್ ತೋರಿಸಿದ್ದು ತೆಂಗಿನಕಾಯಿಯವರೋ ಉಪಕರಣದಿಂದ ನೆಲ ಪರೀಕ್ಷಿಸುವ ಯಂತ್ರದವರೋ, ಎಷ್ಟು ಅಡಿಗೆ ನೀರೆಂದರು ಎಂಬುದನ್ನು ಲಾರಿ ಬರುವ ಮೊದಲೇ ತಂದೆಯವರ ಕೈಯಿಂದಲೇ ಬರೆಸಿ. ಎಷ್ಟು ಇಂಚು ನೀರು ಬಿತ್ತೆಂಬುದನ್ನು ಆಮೇಲೆ ಸೇರಿಸಿ. ಪುಸ್ತಕ ಅವರ ಬಳಿಯೇ ಇರಲಿ. ಯಂತ್ರದವರ ಪಾಯಿಂಟ್ ಫೇಲಾದ ದಿನ, ಮರೆಯದೆ ನೀವಾಗಿಯೇ ಅದನ್ನು ಬರೆಯಲು ಹೇಳಿ.