ಕಲ್ಲು ಎಲ್ಲಿದೆ ಅಂತ ಮೊದಲು ತೋರಿಸಿ

ನಮಸ್ಕಾರ,

ನೀವು ಕಳಿಸಿದ ‘ಚರ್ಚ್ ಮತ್ತು ರಾಜ್ಯ: ಒಂದು ಅವಲೋಕನ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ವಿಷಯ ಚೆನ್ನಾಗಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ತಲೆಬರಹ. ‘ರಾಜ್ಯ’ ಅಂದರೆ ನಮ್ಮ ಓದುಗರಿಗೆ ನೆನಪಾಗುವುದು ಕರ್ನಾಟಕ, ಕೇರಳ. ನಿಮ್ಮ ಲೇಖನದಲ್ಲಿ ಟೆಕ್ಸಾಸ್, ಅಲಬಾಮಾ ರಾಜ್ಯಗಳೂ ಬರುವುದರಿಂದ ಗೊಂದಲ ಇನ್ನೂ ಜಾಸ್ತಿ. ‘ಚರ್ಚ್’ ಅಂದರೆ ಬರೀ ಕಟ್ಟಡ. ‘ಧರ್ಮ ಮತ್ತು ಸರ್ಕಾರ’ ಅಂದರೆ ಸಾಕಿತ್ತು, ಅಲ್ವಾ?

ಇವೆರಡರ ನಡುವೆ ‘ಗೋಡೆ’ ಇರಬೇಕು ಎಂದು ಅಮೆರಿಕದ ಸಂವಿಧಾನ ಹೇಳುತ್ತದೆ ಎಂದಿದ್ದೀರಿ. ಇಲ್ಲ. ಅದು 1802ರಲ್ಲಿ ಆಗಿನ ಅಧ್ಯಕ್ಷ ಜೆಫರ್ಸನ್ ಡ್ಯಾನ್‌ಬರಿ ಊರಿನ ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಗಡದವರಿಗೆ ಬರೆದ ಕಾಗದದ ಮಾತು. ಸರ್ಕಾರ ಯಾವ ಧರ್ಮವನ್ನೂ ಸ್ಥಾಪಿಸಬಾರದು ಎನ್ನುವ ಸಂವಿಧಾನದ ಮೊದಲನೇ ತಿದ್ದುಪಡಿಯಲ್ಲಿ ಗೋಡೆ ಎಂಬ ಪದವೇ ಇಲ್ಲ.

ಇನ್ನು ಮುಖ್ಯ ದೂರು. ನಾಲ್ಕು ಪುಟ ಓದಿದರೂ, ಈ ಜಗಳಕ್ಕೆ ಕಾರಣವಾದ ಒಂದು ಕಲ್ಲೂ ಕಣ್ಣಿಗೆ ಬೀಳಲಿಲ್ಲ. ಅಲಬಾಮಾ ಪ್ರಕರಣವನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅಲ್ಲಿ ನಡೆದದ್ದು ನೋಡಿ. ಆ ರಾಜ್ಯದ ಮುಖ್ಯ ನ್ಯಾಯಮೂರ್ತಿ ರಾಯ್ ಮೂರ್ 2001ರಲ್ಲಿ ಬೈಬಲ್ಲಿನ ಹತ್ತು ಆಜ್ಞೆಗಳನ್ನು ಕೆತ್ತಿದ ಸುಮಾರು 2,400 ಕೆಜಿಯ ಗ್ರಾನೈಟ್ ಕಲ್ಲನ್ನು ರಾತ್ರೋರಾತ್ರಿ ಕೋರ್ಟ್ ಕಟ್ಟಡದೊಳಗೆ ತಂದು ನಿಲ್ಲಿಸಿದರು. ತೆಗೆಯಿರಿ ಎಂದು ಫೆಡರಲ್ (ಕೇಂದ್ರದ) ಕೋರ್ಟ್ ಹೇಳಿದರೂ ಜಗ್ಗಲಿಲ್ಲ. 2003ರ ಆಗಸ್ಟ್‌ನಲ್ಲಿ ಕಲ್ಲು ಹೋಯಿತು, ನವೆಂಬರ್‌ನಲ್ಲಿ ಅವರ ಕುರ್ಚಿಯೂ ಹೋಯಿತು. ಇಂಥ ಕಥೆ ಕೈಯಲ್ಲಿಟ್ಟುಕೊಂಡು ‘ಜಾತ್ಯತೀತತೆಯ ಪರಿಕಲ್ಪನೆ’ ಅಂತ ಯಾಕೆ ಶುರು ಮಾಡುತ್ತೀರಿ?

2005ರ ಜೂನ್ 27ರ ಕೆಂಟಕಿ ರಾಜ್ಯದ ಪ್ರಕರಣದ ತೀರ್ಪನ್ನು ವಿವರವಾಗಿ ಬರೆದಿದ್ದೀರಿ. ಕೋರ್ಟ್ ಗೋಡೆಯ ಮೇಲೆ ತೂಗುಹಾಕಿದ್ದ ಹತ್ತು ಆಜ್ಞೆಗಳು ತಪ್ಪು ಎಂದಿತು ಸುಪ್ರೀಂ ಕೋರ್ಟ್, ಸರಿ. ಅದೇ ದಿನ ಅದೇ ಕೋರ್ಟ್, ಟೆಕ್ಸಾಸ್‌ನ ಶಾಸನಸಭೆ ಆವರಣದಲ್ಲಿರುವ ಹತ್ತು ಆಜ್ಞೆಗಳ ಆರಡಿ ಕಲ್ಲು ಇದ್ದಲ್ಲೇ ಇರಲಿ ಎಂದಿತು. ಇದು ನಿಮಗೆ ಗೊತ್ತಿಲ್ಲವೋ, ಗೊತ್ತಿದ್ದೂ ಬಿಟ್ಟಿರೋ? ಬೇಕೆಂದೇ ಬಿಟ್ಟಿದ್ದರೆ ಅದು ಕಕ್ಷಿದಾರನ ಪರ ವಕೀಲ ಮಾಡುವ ಕೆಲಸ. ಎರಡೂ 5–4ರ ತೀರ್ಪು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಎಂಟು ಜನ ತಮ್ಮ ನಿಲುವು ಬಿಟ್ಟು ಕದಲಲಿಲ್ಲ. ಒಂದರಲ್ಲಿ ಈ ಕಡೆ, ಇನ್ನೊಂದರಲ್ಲಿ ಆ ಕಡೆ ನಿಂತವರು ನ್ಯಾಯಮೂರ್ತಿ ಬ್ರೇಯರ್ ಒಬ್ಬರೇ. ಟೆಕ್ಸಾಸ್ ಕಲ್ಲು 1961ರದ್ದು, ನಲವತ್ತು ವರ್ಷ ಯಾರೂ ಕೋರ್ಟಿಗೆ ಹೋಗಿರಲಿಲ್ಲ, ಸುತ್ತ ಇನ್ನೂ ಹದಿನಾರು ಸ್ಮಾರಕಗಳಿದ್ದವು. ಈಗ ಕಿತ್ತರೆ ಜಗಳ ಹೆಚ್ಚುತ್ತದೆ ಎಂಬುದು ಅವರ ಲೆಕ್ಕ. ಟೆಕ್ಸಾಸ್ ಕೇಸು ಹಾಕಿದವನೋ, ಮನೆಮಠ ಕಳೆದುಕೊಂಡಿದ್ದ ಒಬ್ಬ ವಕೀಲ. ಕಾನೂನು ಗ್ರಂಥಾಲಯಕ್ಕೆ ಹೋಗುವಾಗ ಆ ಕಲ್ಲು ಅವನ ಕಣ್ಣಿಗೆ ಬೀಳುತ್ತಿತ್ತು. ಇವನನ್ನು ಬಿಟ್ಟದ್ದಂತೂ ನನಗೆ ಹೊಟ್ಟೆ ಉರಿಸಿತು.

ಕೊನೆಯಲ್ಲಿ 2021ರ ನಂಜನಗೂಡು ತಾಲ್ಲೂಕಿನ ಹುಚ್ಚಗಣಿ ದೇವಸ್ಥಾನದ ತೆರವನ್ನು ತಂದಿದ್ದೀರಿ. ತೆಗೆದುಬಿಡಿ. ಅಲ್ಲಿನ ಪ್ರಶ್ನೆ ಸಾರ್ವಜನಿಕ ಜಾಗದಲ್ಲಿ ಅನುಮತಿ ಇಲ್ಲದೆ ಕಟ್ಟಿದ್ದರ ಬಗ್ಗೆ. ಅಮೆರಿಕದ ಕಲ್ಲುಗಳನ್ನು ಸರ್ಕಾರದವರೇ ಒಪ್ಪಿ ನಿಲ್ಲಿಸಿದ್ದು, ಅಲ್ಲಿ ಕೇಳುವುದು ಆ ಕಲ್ಲು ಯಾರ ಪರವಾಗಿ ಮಾತಾಡುತ್ತಿದೆ ಅಂತ.

ನಮ್ಮ ಓದುಗರಿಗೆ ಹತ್ತಿರದ್ದೇ ಬೇಕಿದ್ದರೆ ಅಮೆರಿಕದ ಇನ್ನೊಂದು ರಾಜ್ಯ ಒಕ್ಲಹೋಮಾ ಇದೆ. 2012ರಲ್ಲಿ ಅಲ್ಲಿನ ಶಾಸನಸಭೆ ಆವರಣದಲ್ಲಿ ಹತ್ತು ಆಜ್ಞೆಗಳ ಕಲ್ಲು ನಿಂತ ಮೇಲೆ, ಹಿಂದೂ ಸಂಘಟನೆಯೊಂದು ನಮ್ಮ ಹನುಮಂತನಿಗೂ ಜಾಗ ಕೊಡಿ ಎಂದಿತು. ಸೈತಾನನ ಹೆಸರಿಟ್ಟುಕೊಂಡ ಇನ್ನೊಂದು ಸಂಘವೂ ತನ್ನ ವಿಗ್ರಹ ಹಿಡಿದು ಸಾಲಿಗೆ ಬಂತು. 2015ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಇದ್ದ ಕಲ್ಲನ್ನೇ ತೆಗೆಸಿತು.

ಸಾವಿರ ಪದ ಸಾಕು. ಹನುಮಂತನಿಂದಲೇ ಶುರು ಮಾಡಿ ಕಳಿಸಿ.

— ಸಂಪಾದಕ