ಬಾಘೂಜ್ ಬಿದ್ದ ಮೇಲೆ ಅಲ್ಲಿದ್ದವರು ಎಲ್ಲಿ ಹೋದರು?

"2019ರಲ್ಲೇ ಐಸಿಸ್ ಸೋತಿತಲ್ಲ, ಅಲ್ಲಿದ್ದ ಹೆಂಗಸರು, ಮಕ್ಕಳು ಏನಾದರು?" ಎಂದು ಕೇಳಿದ್ದೀರಿ. ಈ ಪ್ರಶ್ನೆ ಕೇಳುವವರೇ ಕಡಿಮೆ, ಅದಕ್ಕೇ ಉತ್ತರಿಸುತ್ತಿದ್ದೇನೆ.

ಆ ವರ್ಷದ ಮಾರ್ಚ್ 23ರಂದು ಸಿರಿಯಾದ ಬಾಘೂಜ್ ಬಿತ್ತು. ಐಸಿಸ್ ಕೈಲಿದ್ದ ಕೊನೆಯ ಊರು ಅದು. ಅಲ್ಲಿಂದ ಹೊರಬಂದ ಹೆಚ್ಚಿನ ಹೆಂಗಸರನ್ನೂ ಮಕ್ಕಳನ್ನೂ ಈಶಾನ್ಯ ಸಿರಿಯಾದ ಅಲ್-ಹೋಲ್ ನಿರಾಶ್ರಿತರ ಶಿಬಿರಕ್ಕೆ ಸಾಗಿಸಿದರು. ಹತ್ತು ಸಾವಿರದಷ್ಟು ಜನರಿದ್ದ ಜಾಗದಲ್ಲಿ ಕೆಲವೇ ತಿಂಗಳಲ್ಲಿ 70 ಸಾವಿರ ದಾಟಿತು. ಅರ್ಧಕ್ಕಿಂತ ಜಾಸ್ತಿ ಮಕ್ಕಳೇ. ಬರುವ ದಾರಿಯಲ್ಲೇ, ಚಳಿಗೆ, ಎಷ್ಟೋ ಕೂಸುಗಳು ಸತ್ತವು. ಆ ಕೂಸುಗಳು ಯಾರ ಮೇಲೆ ಯುದ್ಧ ಮಾಡಿದ್ದವು ಹೇಳಿ?

ಶಿಬಿರದಲ್ಲಿ ಹೊರದೇಶದವರೂ ಇದ್ದರು. ಹಲವು ದೇಶಗಳು ಈ ತಮ್ಮ ಪ್ರಜೆಗಳನ್ನು ವಾಪಸ್ ಕರೆಸಿಕೊಳ್ಳಲು ವರ್ಷಗಟ್ಟಲೆ ಹಿಂದೇಟು ಹಾಕಿದವು. ಬ್ರಿಟನ್ ಕೆಲವರ ಪೌರತ್ವವನ್ನೇ ಕಿತ್ತುಕೊಂಡಿತು. ಗಂಡಸರು ಜೈಲು ಸೇರಿದರು. 2022ರ ಜನವರಿಯಲ್ಲಿ, ಇಂಥವರನ್ನು ಇಟ್ಟಿದ್ದ ಸಿರಿಯಾದ ಹಸಾಕ ಊರಿನ ಜೈಲಿನ ಮೇಲೆ ಐಸಿಸ್ ದಾಳಿ ಮಾಡಿತು, ಕಾದಾಟ ಹತ್ತು ದಿನದ ಹತ್ತಿರ ನಡೆಯಿತು. ನೆಲ ಹೋದರೂ ಗುಂಪು ಉಳಿದಿತ್ತು ಅಲ್ವಾ?

ನನ್ನನ್ನು ಜಾಸ್ತಿ ಕಾಡುವುದು ಯಜೀದಿಗಳ, ಅಂದರೆ ಇರಾಕಿನ ಒಂದು ಅಲ್ಪಸಂಖ್ಯಾತ ಧರ್ಮದವರ, ಕಥೆ. 2014ರಲ್ಲಿ ಇರಾಕಿನ ಸಿಂಜಾರ್‌ನಿಂದ ಐಸಿಸ್ ಹೊತ್ತೊಯ್ದ ಹೆಣ್ಣುಮಕ್ಕಳಲ್ಲಿ ಕೆಲವರು ವರ್ಷಗಳ ನಂತರ ಇದೇ ಶಿಬಿರದಲ್ಲಿ ಸಿಕ್ಕರು. ಹೆದರಿಕೆಗೆ ತಮ್ಮ ಗುರುತು ಮುಚ್ಚಿಟ್ಟು, ಸೆರೆ ಹಿಡಿದವರ ಕುಟುಂಬಗಳ ನಡುವೆಯೇ ಬದುಕಿದ್ದರು.