ಓದುಗರ ಪ್ರಶ್ನೆ: ಮೊದಲ ಪಿಯಾನೋ ಪುಸ್ತಕ ಹೇಗಿರಬೇಕು?

ಪ್ರಶ್ನೆ: ಎಂಟು ವರ್ಷದ ಮಗಳು ಮೊದಲ ಪುಸ್ತಕದ ಪಾಠಗಳನ್ನೆಲ್ಲ ಸಲೀಸಾಗಿ ನುಡಿಸುತ್ತಾಳೆ. ಬೇರೆ ಪುಸ್ತಕ ಕೊಟ್ಟರೆ ಒಂದು ಸಾಲೂ ಬರುವುದಿಲ್ಲ. ಯಾಕೆ?

ಉತ್ತರ: ಹಳೆಯ ಪುಸ್ತಕ ತೆರೆದು ನೋಡಿ. ಪ್ರತಿ ಸ್ವರದ ತಲೆಯ ಮೇಲೂ 1ರಿಂದ 5ರವರೆಗಿನ ಬೆರಳಿನ ಸಂಖ್ಯೆ (ಹೆಬ್ಬೆರಳು 1, ಕಿರುಬೆರಳು 5) ಇದೆಯೇ? ಹೆಬ್ಬೆರಳು ಸದಾ ಮಿಡಲ್ ಸಿ, ಅಂದರೆ ಕೀಲಿಮಣೆಯ ನಡುವಿನ ಸಿ ಸ್ವರದ ಮೇಲೇ ಕೂತಿದೆಯೇ? ಹಾಗಿದ್ದರೆ ಅವಳು ಓದುತ್ತಿದ್ದುದು ಸ್ವರಲಿಪಿಯನ್ನಲ್ಲ, ಅಂಕಿಗಳನ್ನು. ಬಲಗೈ ಜರುಗದ ತನಕ 3 ಎಂದರೆ ಇ ಸ್ವರ. ಹೆಬ್ಬೆರಳು ಜಿ ಮೇಲೆ ಬಂದ ದಿನ ಅದೇ 3 ಬಿ ಆಗುತ್ತದೆ. ಮಗುವಿಗೆ ದಿಕ್ಕು ತಪ್ಪುವುದು ಅಲ್ಲೇ.

ಮುಂದಿನ ಪುಸ್ತಕದಲ್ಲಿ ಸಂಖ್ಯೆ ಪಾಠದ ಮೊದಲ ಸ್ವರಕ್ಕೂ ಕೈ ಜರುಗುವ ಜಾಗಕ್ಕೂ ಮಾತ್ರ ಇರಲಿ. ಅಂತರ ನೋಡಿ ಓದುವುದನ್ನು ಅದು ಕಲಿಸಬೇಕು: ಸ್ವರಲಿಪಿಯ ಐದು ಗೆರೆಗಳಲ್ಲಿ ಒಂದು ಗೆರೆಯಿಂದ ಪಕ್ಕದ ಎಡೆಗೆ ಹೋದರೆ ಪಕ್ಕದ ಬಿಳಿ ಕೀ, ಗೆರೆಯಿಂದ ಮುಂದಿನ ಗೆರೆಗೆ ಹೋದರೆ ನಡುವೆ ಒಂದು ಬಿಳಿ ಕೀ ಬಿಟ್ಟು. ಜೊತೆಗೆ ಎರಡು ಹೆಗ್ಗುರುತು ಸಾಕು: ಟ್ರೆಬಲ್ ಕ್ಲೆಫ್‌ನಲ್ಲಿ (ಎತ್ತರದ ಸ್ವರಗಳ ಗುರುತು) ಕೆಳಗಿನಿಂದ ಎರಡನೇ ಗೆರೆ ಜಿ, ಬಾಸ್ ಕ್ಲೆಫ್‌ನಲ್ಲಿ (ತಗ್ಗಿನ ಸ್ವರಗಳ ಗುರುತು) ಮೇಲಿನಿಂದ ಎರಡನೇ ಗೆರೆ ಎಫ್.

ಹಳೆಯ ಪುಸ್ತಕದ ಅಂಕಿ ಅಳಿಸಿ ಉಪಯೋಗವಿಲ್ಲ, ಪಾಠಗಳು ಕೈಗೆ ಬಾಯಿಪಾಠವಾಗಿಬಿಟ್ಟಿವೆ. ಬೇರೆ ಮಾಲೆಯ, ಒಂದು ಮಟ್ಟ ಕೆಳಗಿನ ಪುಸ್ತಕದಿಂದ ದಿನಕ್ಕೆ ನಾಲ್ಕೇ ಬಾರ್ (ಎರಡು ನಿಲುಗೆರೆಗಳ ನಡುವಿನ ತುಣುಕು), ಎಂದೂ ನೋಡದ್ದನ್ನು, ನಿಧಾನವಾಗಿ ಆದರೆ ನಿಲ್ಲದೆ ನುಡಿಸಲಿ. ತಪ್ಪಿದರೂ ಹಿಂದಕ್ಕೆ ಹೋಗುವುದು ಬೇಡ.

ಪ್ರಶ್ನೆ: ಆರಂಭಿಕರಿಗೆಂದು ಬೇಯರ್ ಬರೆದ ಪಿಯಾನೋ ಪುಸ್ತಕ ಹಳತಾಯಿತೇ?

ಉತ್ತರ: ಆ ಪುಸ್ತಕದ (ಓಪಸ್ 101, ಅಂದರೆ ಬೇಯರ್‌ನ ಕೃತಿ ಸಂಖ್ಯೆ 101) 106 ಪಾಠಗಳ ಏರಿಕೆ ಇಂದಿಗೂ ಹದವಾಗಿದೆ. ಕೊರತೆ ಒಂದೇ, ಎಡಗೈಯನ್ನೂ ಬಹಳ ದೂರ ಟ್ರೆಬಲ್ ಕ್ಲೆಫ್‌ನಲ್ಲೇ ಬರೆದಿದೆ. ಬಾಸ್ ಕ್ಲೆಫ್ ಹಿಂದುಳಿಯದಂತೆ ಪಕ್ಕದಲ್ಲಿ ಇನ್ನೊಂದು ಪುಸ್ತಕ ಇಟ್ಟುಕೊಳ್ಳಿ.

ಪ್ರಶ್ನೆ: ನನಗೆ ನಲವತ್ತು ದಾಟಿದೆ, ಕಲಿಕೆ ಶುರುವಾಗಿ ಎರಡು ತಿಂಗಳು. ಹ್ಯಾನನ್‌ನ ಬೆರಳಿನ ಕಸರತ್ತಿನ ಪುಸ್ತಕ ಹಿಡಿಯಬಹುದೇ?

ಉತ್ತರ: ಈಗಲೇ ಬೇಡ. ಸುಮಾರು ಒಂದು ವರ್ಷದ ಕಲಿಕೆಯ ಬಳಿಕ ಎಂದು ಅದರ ಮುನ್ನುಡಿಯೇ ಹೇಳುತ್ತದೆ. 60 ಅಭ್ಯಾಸಗಳಲ್ಲಿ ಮೊದಲನೆಯದರಿಂದಲೇ ಎರಡೂ ಕೈ ಒಟ್ಟಿಗೆ ಓಡಬೇಕು. ಸಡಿಲವಾಗಿರಲು ಇನ್ನೂ ಕಲಿಯದ ಮಣಿಕಟ್ಟು ಬಿಗಿದು ನೋಯುತ್ತದೆ. ಒಂದೇ ವಿನ್ಯಾಸ ಮತ್ತೆ ಮತ್ತೆ ಬರುವುದರಿಂದ ಓದುವ ಅಭ್ಯಾಸವೂ ಆಗದು.

ದೊಡ್ಡವರಿಗೆಂದೇ ಬರೆದ ಪುಸ್ತಕ ಕೊಳ್ಳುವಾಗ ಮೊದಲ ಇಪ್ಪತ್ತು ಪುಟ ತಿರುವಿ. ಎಡಗೈಗೆ ಬರೀ ಮೂರು ಸ್ವರದ ಕಾರ್ಡ್‌ಗಳೇ (ಒಟ್ಟಿಗೆ ಒತ್ತುವ ಸ್ವರಗುಂಪು) ಇದ್ದರೆ ಬೇಗ ಹಾಡು ಬರುತ್ತದೆ, ಎಡಗೈ ಓದು ಬರುವುದಿಲ್ಲ. ಹಾಂ, ಸುರುಳಿ ಬೈಂಡಿಂಗ್ ಇದ್ದರೆ ಒಳ್ಳೆಯದು. ಪುಟ ತಾನೇ ಮಡಚಿಕೊಳ್ಳುವ ಪುಸ್ತಕ ಸ್ಟ್ಯಾಂಡ್ ಮೇಲೆ ನಿಲ್ಲದು.